ಡೋಪಮೈನ್ ಉಪವಾಸವೂ ಸಾಬುದಾಣಿ ಖಿಚಡಿಯೂ

ನಮಸ್ಕಾರ. ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ, ಸದ್ದಾಗದಿರಲೆಂದು ಫ್ಯಾನು ಆರಿಸಿ, ಬೆವರುತ್ತ ಮಾತನಾಡುತ್ತಿದ್ದೇನೆ. ಕಳೆದ ಕಂತು ಕೇಳಿದ ಒಬ್ಬರು, 'ವಾರಕ್ಕೊಂದು ದಿನ ಡೋಪಮೈನ್ ಉಪವಾಸ ಮಾಡಿ, ಮಿದುಳು ಶುದ್ಧವಾಗುತ್ತದೆ' ಎಂದು ನನಗೆ ಬುದ್ಧಿ ಹೇಳಿದ್ದಾರೆ. ಅಂದರೆ, ಫೋನಿನಂಥ ಸುಖಗಳನ್ನು ಒಂದು ದಿನ ಬಿಟ್ಟಿರುವುದಂತೆ. ಸ್ವಾಮಿ, ಡೋಪಮೈನ್ ಸುಖದ ರಸವಲ್ಲ; ಮಿದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ರಾಸಾಯನಿಕ.

ನಡುಮಿದುಳಿನಲ್ಲಿ ಸಬ್‌ಸ್ಟಾನ್ಶಿಯಾ ನೈಗ್ರಾ ಎಂಬ ಭಾಗವಿದೆ. ಅಲ್ಲಿನ ನರಕೋಶಗಳಲ್ಲಿ ನ್ಯೂರೋಮೆಲನಿನ್ ಎಂಬ ಕಪ್ಪು ಬಣ್ಣದ ವಸ್ತು ತುಂಬಿರುವುದರಿಂದ, ಕೊಯ್ದು ನೋಡಿದರೆ ಕಾಡಿಗೆ ತೀಡಿದಂತೆ ಕಪ್ಪಾಗಿ ಕಾಣುತ್ತದೆ. ಈ ಕೋಶಗಳು ಮಿದುಳಿನೊಳಗೆ ಚಲನೆಯನ್ನು ಹದದಲ್ಲಿಡುವ ಸ್ಟ್ರೈಯೇಟಮ್‌ಗೆ ಡೋಪಮೈನ್ ಕಳಿಸುತ್ತಿದ್ದರೇನೇ ಕೈಕಾಲು ಸಲೀಸಾಗಿ ಆಡುವುದು. ಸುಮಾರು ಅರ್ಧದಷ್ಟು ಕೋಶಗಳು ಸತ್ತ ಹೊತ್ತಿಗೆ ನಡುಕ, ಬಿಗಿತ, ನಿಧಾನ ಎಲ್ಲ ಹೊರಬೀಳುತ್ತವೆ. ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಬರೆದದ್ದು, ಇಂದು ಅವರ ಹೆಸರಲ್ಲೇ ಕರೆಯುವ ಈ ಕಾಯಿಲೆಯ ಬಗ್ಗೆಯೇ. ಇದೇ ಕಾಯಿಲೆಯಿರುವ ನಮ್ಮ ಮಾವನವರು ಅಡುಗೆಮನೆಯ ಹೊಸ್ತಿಲೆದುರು ಅಂಗಾಲು ನೆಲಕ್ಕಂಟಿದವರಂತೆ ನಿಂತುಬಿಡುತ್ತಿದ್ದರು. ನೆಲದ ಮೇಲೆ ಅಡ್ಡಡ್ಡಲಾಗಿ ಹಳದಿ ಪಟ್ಟಿ ಅಂಟಿಸಿದ ಮೇಲೆ, ಒಂದೊಂದು ಪಟ್ಟಿಯನ್ನೂ ದಾಟುವ ನೆಪದಲ್ಲಿ ಹೆಜ್ಜೆ ಎತ್ತುತ್ತಾರೆ. ಅವರಿಗೂ ಉಪವಾಸ ಹೇಳುತ್ತೀರಾ?

'ನಾವು ಹೇಳಿದ್ದು ಆನಂದದ ಡೋಪಮೈನ್, ಚಲನೆಯದ್ದಲ್ಲ' ಎನ್ನುವವರಿದ್ದಾರೆ. ಲೋಕಲ್ ಗಾಡಿಯಂತೆ ಅದಕ್ಕೂ ಲೇಡೀಸ್ ಡಬ್ಬಿ, ಜನರಲ್ ಡಬ್ಬಿ ಬೇರೆಬೇರೆ ಇವೆಯೆಂದು ಭಾವಿಸಿದ್ದಾರೋ ಏನೋ. ನೈಗ್ರಾದ ಪಕ್ಕದ ವೆಂಟ್ರಲ್ ಟೆಗ್ಮೆಂಟಲ್ ಪ್ರದೇಶದಲ್ಲಿಯೂ ಡೋಪಮೈನ್ ಕೋಶಗಳ ಕೆಲಸ ಬರಿಯ ಸುಖ ಹಂಚುವುದಲ್ಲ, ಎಣಿಸಿದ್ದೆಷ್ಟು, ಸಿಕ್ಕಿದ್ದೆಷ್ಟು ಎಂದು ಲೆಕ್ಕ ಇಡುವುದು. ನರವಿಜ್ಞಾನಿ ವುಲ್ಫ್ರಮ್ ಶುಲ್ಟ್ಸ್ ಕೋತಿಗಳಲ್ಲಿ ಕಂಡಂತೆ, ಎಣಿಸದೆ ಹಣ್ಣಿನ ರಸ ಸಿಕ್ಕಾಗ ಕೋಶಗಳು ಮಿಡಿದವು; ರಸದ ಮುನ್ಸೂಚನೆ ರೂಢಿಯಾದ ಮೇಲೆ ಆ ಸೂಚನೆಗೇ ಮಿಡಿದವು; ಬರಬೇಕಾದ ರಸ ಬಾರದಿದ್ದರೆ ಆ ಕ್ಷಣಕ್ಕೆ ಸುಮ್ಮನಾದವು. ದಾದರ್‌ನಲ್ಲಿ ಕಿಟಕಿಯ ಸೀಟು ಅಕಸ್ಮಾತ್ತಾಗಿ ಸಿಕ್ಕವರಿಗೂ, ಇಂಡಿಕೇಟರ್ ನೋಡಿ ಓಡಿಬಂದ ಮೇಲೆ ಗಾಡಿ ರದ್ದೆಂದು ಕೇಳಿದವರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಂದಹಾಗೆ, ಚಂದಾದಾರರಾಗಿ, ಗಂಟೆಯ ಗುರುತನ್ನೂ ಒತ್ತಿ. ಆ ಸದ್ದಿಗೇ ನಿಮ್ಮ ಕೋಶಗಳು ಮಿಡಿಯತೊಡಗಿದರೆ ನನಗೇನೂ ಬೇಸರವಿಲ್ಲ.

'ಫೋನ್ ಬಿಟ್ಟಿದ್ದರಿಂದ ನನಗೆ ಹಿತವಾಯಿತಲ್ಲ?' ಎಂದು ಇನ್ನೊಬ್ಬರು ಕೇಳಿದ್ದಾರೆ. ಆಗಲಿ, ಬಹಳ ಸಂತೋಷ. ಅದನ್ನು 'ಫೋನ್ ಬಿಟ್ಟೆ' ಎನ್ನಿ. ಏಕಾದಶಿಯ ದಿನ ತುಪ್ಪ, ಶೇಂಗಾ ಸುರಿದ ಸಾಬುದಾಣಿ ಖಿಚಡಿ ಎರಡು ತಟ್ಟೆ ಹೊಡೆದು ಉಪವಾಸ ಎನ್ನುವ ಊರಿದು, ನಿಜ. ಆದರೆ ಅದಕ್ಕೂ ಒಂದು ಮಿತಿಯಿದೆ. ಡೋಪಮೈನ್ ಸುಖದ ರಸವಲ್ಲ, ಅಲ್ಲ, ಅಲ್ಲವೇ ಅಲ್ಲ! ಇನ್ನೂ ನಂಬದವರು ಬೆಳಗ್ಗೆ ಮಾವನವರ ಗುಳಿಗೆಯ ಹೊತ್ತಿಗೆ ಸ್ವಲ್ಪ ಮುಂಚೆ ನಮ್ಮ ಮನೆಗೆ ಬನ್ನಿ. ಅವರು ಅಂಗಿಯ ಮೊದಲ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ನಿಮ್ಮ ಚಹಾ ಆರಿರುತ್ತದೆ.