ಕಪ್ ಎಣಿಸಿದರೆ ಸಾಲದು

ಕೇಳುಗರೇ, ನಮಸ್ಕಾರ.

ಕೆಜಿಎಫ್‌ನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಹುಡುಗರದು ಒಂದೇ ವಾದ. ನಮ್ಮ ಫುಟ್‌ಬಾಲ್ ಕ್ಲಬ್ ದೊಡ್ಡದು, ನಿಮ್ಮದು ಚಿಕ್ಕದು ಅಂತ. ಕಪ್ ಎಣಿಸುವುದರಿಂದಲೇ ಮಾತು ಶುರು. ಎಣಿಸಲಿ, ಗೆಲ್ಲದ ಕ್ಲಬ್ಬನ್ನು ಯಾರು ಕೇಳುತ್ತಾರೆ? ಆದರೆ ಅದೊಂದರಿಂದಲೇ ಲೆಕ್ಕ ಕೂಡುವುದಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಫಾರೆಸ್ಟ್ 1979 ಮತ್ತು 1980ರಲ್ಲಿ ಯುರೋಪಿನ ಕ್ಲಬ್‌ಗಳಿಗೆಲ್ಲ ದೊಡ್ಡದಾದ ಯುರೋಪಿಯನ್ ಕಪ್ ಗೆದ್ದಿತು. ಅಲ್ಲಿಯದೇ ಲಂಡನ್ನಿನ ಕ್ಲಬ್ ಟಾಟನ್‌ಹ್ಯಾಮ್ ಅದನ್ನು ಒಮ್ಮೆಯೂ ಗೆದ್ದಿಲ್ಲ. ಆದರೂ ಟಾಟನ್‌ಹ್ಯಾಮ್‌ಗಿಂತ ಫಾರೆಸ್ಟ್ ದೊಡ್ಡದು ಅಂತ ಆ ಹುಡುಗರಲ್ಲಿ ಒಬ್ಬರೂ ಒಪ್ಪುವುದಿಲ್ಲ.

ನಮ್ಮ ದೇಶಕ್ಕೇ ಬರೋಣ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ಋತುವಿನಲ್ಲೇ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದಿತು. 2016ರಲ್ಲಿ ಮತ್ತೆ ಗೆದ್ದಿತು. ಅದೇ ವರ್ಷ ಏಷ್ಯಾದ ಕ್ಲಬ್‌ಗಳು ಆಡುವ ಎಎಫ್‌ಸಿ ಕಪ್ ಫೈನಲ್ ಆಡಿತು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮುಂಚೆ ಅಲ್ಲಿಗೆ ಹೋಗಿರಲಿಲ್ಲ. 2019ರಲ್ಲಿ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಕೂಡ ಬಂತು. ಈ ವರ್ಷಗಳಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್‌ಗೆ ಒಂದು ರಾಷ್ಟ್ರೀಯ ಲೀಗೂ ಸಿಗಲಿಲ್ಲ. ನಾನು ಬೆಂಗಳೂರಿನ ಕಡೆಯವನೇ. ಆದರೂ ಈಸ್ಟ್ ಬೆಂಗಾಲೇ ದೊಡ್ಡದು ಅಂತ ಹೇಳುತ್ತೇನೆ.

ಯಾಕೆ ಅಂದರೆ, 1920ರಲ್ಲಿ ಶುರುವಾದ ಆ ಕ್ಲಬ್ ದೇಶ ಇಬ್ಭಾಗವಾದಾಗ ಬೇರೆಯೇ ಒಂದು ಕೆಲಸ ಮಾಡಿತು. ಪೂರ್ವ ಬಂಗಾಳದಲ್ಲಿ ಮನೆ, ಜಮೀನು ಬಿಟ್ಟು ಬಂದವರಿಗೆ ಕೋಲ್ಕತ್ತದಲ್ಲಿ ನಮ್ಮದು ಅಂತ ಹೇಳಿಕೊಳ್ಳಲು ಆ ತಂಡ ಇತ್ತು. ಅಜ್ಜನಿಂದ ಮಗನಿಗೆ, ಮೊಮ್ಮಗನಿಗೆ ಅದು ಇಳಿದು ಬಂತು. 1997ರಲ್ಲಿ ಅದೇ ಊರಿನ ಎದುರಾಳಿ ಮೋಹನ್ ಬಾಗಾನ್ ಜೊತೆ ಫೆಡರೇಷನ್ ಕಪ್ ಸೆಮಿಫೈನಲ್ ಆಡಿದಾಗ ಕೋಲ್ಕತ್ತದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ 1 ಲಕ್ಷ 30 ಸಾವಿರಕ್ಕೂ ಜಾಸ್ತಿ ಜನ. ಕಪ್ ಬರದ ಕಾಲದಲ್ಲೂ ಆ ಜನ ಬಿಟ್ಟು ಹೋಗಲಿಲ್ಲ. ನನಗೆ ದೊಡ್ಡತನ ಕಾಣುವುದು ಅಲ್ಲೇ.

ಇನ್ನೊಂದು ಮಾತು. ಆ ಈಸ್ಟ್ ಬೆಂಗಾಲ್‌ನ ಹೆಸರಾಂತ ಮುಂಚೂಣಿಯಲ್ಲಿ ಆಡಿದ ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. 1948, 1952ರ ಒಲಿಂಪಿಕ್ಸ್ ಆಡಿದವರು. ಅಂಥವರಿದ್ದ ಊರಿನಲ್ಲಿ ಅಂಥ ಕ್ಲಬ್ ಯಾಕೆ ಬೆಳೆಯಲಿಲ್ಲ? ನಮ್ಮಲ್ಲಿ ಆಮೇಲೆ ಹೆಸರು ಮಾಡಿದ್ದು ಹೆಚ್ಚಾಗಿ ಕಾರ್ಖಾನೆ ತಂಡಗಳು. ಎಚ್‌ಎಎಲ್, ಐಟಿಐ ರಾಷ್ಟ್ರೀಯ ಲೀಗ್‌ವರೆಗೂ ಹೋದವು. ಆಟಗಾರರಿಗೆ ನೌಕರಿ ಸಿಕ್ಕಿತು, ಅದು ಸಣ್ಣ ಸಂಗತಿಯಲ್ಲ. ಆದರೆ ತಂಡ ಕಂಪನಿಯದು, ಊರಿನದಲ್ಲ. ಗಣಿಯ ಕಾಲದಲ್ಲಿ ಕೆಜಿಎಫ್‌ನಲ್ಲೂ ಫುಟ್‌ಬಾಲ್ ಜೋರಾಗಿತ್ತು. 2001ರಲ್ಲಿ ಗಣಿ ಮುಚ್ಚಿತು. ಆಡುವ ಹುಡುಗರು ಈಗಲೂ ಇದ್ದಾರೆ, ಬೆನ್ನಿಗೆ ನಿಲ್ಲುವವರು ಬೇಕು.

ಬೆಂಗಳೂರು ಎಫ್‌ಸಿಗೆ ಜನ ಇಲ್ಲ ಅಂತಲ್ಲ. ಕಂಠೀರವ ಸ್ಟೇಡಿಯಂನ ವೆಸ್ಟ್ ಬ್ಲಾಕ್ ಗ್ಯಾಲರಿಯಲ್ಲಿ ಪಂದ್ಯ ಪೂರ್ತಿ ನಿಂತು ಹಾಡುವವರನ್ನು ನೋಡಿದರೆ ಖುಷಿಯಾಗುತ್ತದೆ. ಆದರೆ ಏಳೂವರೆಗೆ ಶುರುವಾದ ಪಂದ್ಯ ಮುಗಿಯುವುದು ರಾತ್ರಿ ಒಂಬತ್ತೂವರೆಗೆ. ಆಮೇಲೆ ಮಕ್ಕಳನ್ನು ಕರೆದುಕೊಂಡು ಮಾಲೂರು, ಬಂಗಾರಪೇಟೆಗೆ ವಾಪಸ್ ಬರುವುದು ಹೇಗೆ, ಹೇಳಿ? ವರ್ಷಕ್ಕೆ ಒಂದೆರಡು ಭಾನುವಾರವಾದರೂ ಆಟ ಮಧ್ಯಾಹ್ನ ಇರಲಿ. ಒಂದು ಅಭ್ಯಾಸ ಪಂದ್ಯವನ್ನಾದರೂ ಕೆಜಿಎಫ್‌ನ ಮೈದಾನದಲ್ಲಿ ಆಡಲಿ. ಕೋಲಾರ ಜಿಲ್ಲೆಯ ಹುಡುಗರು ಬಂದು ನಿಲ್ಲುತ್ತಾರೆ, ಅದು ನನಗೆ ಗೊತ್ತು.

ನಮಸ್ಕಾರ.