ಎಳೆ ಹರಿದರೆ ಮಗ್ಗ ನಿಲ್ಲಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಟೊಯೋಟಾ ಕಾರಿನ ಬಗ್ಗೆ ಸ್ವಲ್ಪ ಹೊತ್ತು ಮಾತಾಡಿ ಅಂತ ಕೇಳಿದಾಗ ಖುಷಿಯಿಂದ ಒಪ್ಪಿಕೊಂಡೆ. ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಪಾಠ ಹೇಳುತ್ತಲೇ ನನ್ನ ಆಯುಸ್ಸು ಕಳೆದಿದೆ. ಈ ಹೊತ್ತಿನಲ್ಲಿ ರೇಡಿಯೊ ಹಾಕಿಕೊಂಡು ಯಾರು ಕೂತಿರುತ್ತೀರಿ ಅಂತ ನನಗೆ ಅಂದಾಜಿದೆ. ಗ್ಯಾರೇಜಿನಲ್ಲಿ ಸ್ಪಾನರ್ ಹಿಡಿದಿರುವ ಹುಡುಗರು, ಬಾಡಿಗೆಗೆ ಕಾಯುತ್ತಾ ಗಾಡಿಯಲ್ಲೇ ಕೂತಿರುವ ಡ್ರೈವರ್‌ಗಳು, ಐಟಿಐ, ಡಿಪ್ಲೊಮಾ ಓದುತ್ತಿರುವ ಮಕ್ಕಳು. ನಿಮ್ಮ ಜೊತೆಗೇ ಮಾತಾಡುತ್ತೇನೆ.

ಎಲ್ಲಿ ಹೋದರೂ ಎಲ್ಲರೂ ನನ್ನನ್ನು ಕೇಳುವುದು ಒಂದೇ. "ಸಾರ್, ಟೊಯೋಟಾ ಗಾಡಿ ಯಾಕೆ ಅಷ್ಟು ಬಾಳಿಕೆ ಬರುತ್ತೆ? ಜಪಾನಿನ ಕಬ್ಬಿಣವೇ ಬೇರೆಯಾ?" ಕಬ್ಬಿಣ ಬೇರೆಯಲ್ಲ ಕಣ್ರಪ್ಪ. ಎಂಜಿನ್ನಿನಲ್ಲಿ ಮಂತ್ರವೂ ಇಲ್ಲ. ಇದಕ್ಕೆ ಉತ್ತರ ಬೇಕಿದ್ದರೆ ಕಾರನ್ನು ಬಿಟ್ಟು ಮಗ್ಗದ ಹತ್ತಿರ ಹೋಗಬೇಕು. ಹೌದು, ಬಟ್ಟೆ ನೇಯುವ ಮಗ್ಗ.

ನಮ್ಮದು ದೊಡ್ಡಬಳ್ಳಾಪುರ. ಚಿಕ್ಕಪ್ಪನ ಮನೆಯ ಹಿಂಭಾಗದಲ್ಲಿ ಎರಡು ಪವರ್‌ಲೂಮ್ ಇದ್ದವು. ಬೇಸಿಗೆ ರಜೆಯಲ್ಲಿ ನನ್ನ ಕೆಲಸ ಎಳೆ ನೋಡುವುದು. ಹಾಸಿನಲ್ಲಿ, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ ನೂಲಿನಲ್ಲಿ, ಒಂದು ಎಳೆ ಹರಿದರೂ ಕೂಡಲೇ ಮಗ್ಗ ನಿಲ್ಲಿಸಬೇಕು, ಗಂಟು ಹಾಕಬೇಕು, ಮತ್ತೆ ಓಡಿಸಬೇಕು. ಕಿವಿ ಕಿವುಡಾಗುವ ಟಕಟಕ ಸದ್ದು, ಮೇಲೆ ಶೀಟಿನ ಸೆಕೆ, ಮಧ್ಯಾಹ್ನ ಊಟ ಆದಮೇಲೆ ಕಣ್ಣು ಎಳೆಯುತ್ತದೆ, ಅಲ್ವಾ? ಒಂದು ದಿನ ಹಾಗೇ ಆಯಿತು. ಎಳೆ ಹರಿದದ್ದು ನನಗೆ ಕಾಣಲಿಲ್ಲ, ಮಗ್ಗಕ್ಕೂ ಗೊತ್ತಾಗಲಿಲ್ಲ, ಅದರ ಪಾಡಿಗೆ ಅದು ನೇಯುತ್ತಾ ಹೋಯಿತು. ಎಚ್ಚರಾಗಿ ನೋಡಿದರೆ ಸೀರೆಯ ಉದ್ದಕ್ಕೂ ಒಂದು ಗೀರು. ಚಿಕ್ಕಪ್ಪ ಹೊಡೆಯಲಿಲ್ಲ, ಬೈಯಲೂ ಇಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. "ಎಳೆ ಹರಿದದ್ದಕ್ಕೆ ಎರಡು ಪೈಸೆ ನಷ್ಟ ಮಗ, ನೀನು ನಿಲ್ಲಿಸದೇ ಇದ್ದದ್ದಕ್ಕೆ ಒಂದು ಸೀರೆ ನಷ್ಟ" ಅಂದರು.

ಟೊಯೋಟಾ ಕಂಪನಿಯ ಕಥೆಯೆಲ್ಲ ಈ ಒಂದು ಮಾತಿನಲ್ಲಿದೆ. ಹೇಗೆ ಅಂತ ಹೇಳುತ್ತೇನೆ.

1867ರಲ್ಲಿ ಜಪಾನಿನ ಒಂದು ಹಳ್ಳಿಯಲ್ಲಿ ಸಕಿಚಿ ಟೊಯೋಡಾ ಹುಟ್ಟಿದರು. ಗಮನಿಸಿ, ಟೊಯೋಡಾ, 'ಡಾ'. ಅಪ್ಪ ಬಡಗಿ. ತಾಯಿ ಮನೆಯಲ್ಲೇ ಮಗ್ಗದಲ್ಲಿ ನೇಯುತ್ತಿದ್ದರು, ಆ ಊರಿನ ಹೆಂಗಸರೆಲ್ಲ ನೇಯುತ್ತಿದ್ದರು. ಹೊಲದ ಕೆಲಸ, ಮನೆ ಕೆಲಸ ಮುಗಿಸಿ ರಾತ್ರಿ ದೀಪದ ಮುಂದೆ ಲಾಳಿ ಎಸೆಯುವುದು. ಅದನ್ನು ನೋಡಿ ನೋಡಿ ಹುಡುಗನಿಗೆ ಸಂಕಟವಾಯಿತು. ಇದನ್ನು ಸುಲಭ ಮಾಡಬೇಕು ಅನ್ನೋದು ತಲೆಯಲ್ಲಿ ಹೊಕ್ಕಿತು. ಬಡಗಿಯ ಮಗ, ಉಳಿ ಸುತ್ತಿಗೆ ಕೈಯಲ್ಲೇ ಇದೆ. ಮಗ್ಗ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. 1890ರಲ್ಲಿ ಟೋಕಿಯೊದಲ್ಲಿ ದೊಡ್ಡ ಕೈಗಾರಿಕಾ ಪ್ರದರ್ಶನ ನಡೆದಾಗ ಅಲ್ಲಿಗೆ ಹೋಗಿ ಯಂತ್ರಗಳ ಮುಂದೆ ದಿನಗಟ್ಟಲೆ ನಿಂತರು. ಮರುವರ್ಷವೇ ಒಂದೇ ಕೈಯಲ್ಲಿ ನೇಯಬಹುದಾದ ಮರದ ಮಗ್ಗಕ್ಕೆ ಪೇಟೆಂಟ್ ಪಡೆದರು. 1896ಕ್ಕೆ ಯಂತ್ರಬಲದಿಂದ ಓಡುವ ಮಗ್ಗ ಮಾಡಿದರು.

ಇಲ್ಲಿಗೆ ನಿಂತಿದ್ದರೆ ಅವರೂ ಹತ್ತರಲ್ಲಿ ಒಬ್ಬರಾಗುತ್ತಿದ್ದರು. ಜೋರಾಗಿ ಓಡುವ ಮಗ್ಗವನ್ನು ಇಂಗ್ಲೆಂಡಿನವರು ಆಗಲೇ ಮಾಡಿದ್ದರು. ಸಕಿಚಿಯವರ ಯೋಚನೆ ಬೇರೆ ಕಡೆ ಇತ್ತು. ಎಳೆ ಹರಿದಾಗ ಮಗ್ಗ ತಾನೇ ನಿಲ್ಲಬೇಕು! ಹಾಸಿನ ಪ್ರತಿ ಎಳೆಗೂ ಒಂದು ತೆಳ್ಳಗಿನ ಲೋಹದ ಪಟ್ಟಿ ನೇತು ಹಾಕಿದರು ಅಂದುಕೊಳ್ಳಿ. ಎಳೆ ಬಿಗಿಯಾಗಿರುವವರೆಗೆ ಪಟ್ಟಿ ಮೇಲೇ ಇರುತ್ತದೆ. ಎಳೆ ಹರಿಯಿತೋ, ಪಟ್ಟಿ ಟಪ್ ಅಂತ ಕೆಳಗೆ ಬೀಳುತ್ತದೆ, ಬಿದ್ದ ಪಟ್ಟಿ ಯಂತ್ರವನ್ನು ತಡೆಯುತ್ತದೆ, ಮಗ್ಗ ನಿಲ್ಲುತ್ತದೆ. ಅಷ್ಟೇ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ನನ್ನ ಬೇಸಿಗೆ ರಜೆಯ ಕೆಲಸವನ್ನು ಆ ಪುಟ್ಟ ಪಟ್ಟಿ ಮಾಡಿಬಿಟ್ಟಿತು, ನಿದ್ದೆ ಮಾಡದೆ.

ನಗೋಯಾದಲ್ಲಿ ಟೊಯೋಟಾದ ಹಳೇ ನೂಲಿನ ಗಿರಣಿಯನ್ನೇ ಮ್ಯೂಸಿಯಂ ಮಾಡಿದ್ದಾರೆ. ಅಲ್ಲಿ ಆ ಮಗ್ಗಗಳನ್ನು ಓಡಿಸಿಯೇ ತೋರಿಸುತ್ತಾರೆ. ನಾನು ಹೋಗಿದ್ದಾಗ ಅಲ್ಲಿದ್ದ ಹೆಣ್ಣುಮಗಳು ಓಡುತ್ತಿದ್ದ ಮಗ್ಗದ ಒಂದು ಎಳೆಯನ್ನು ಬೇಕೆಂದೇ ಕತ್ತರಿಸಿದಳು. ಮಗ್ಗ ಟಕ್ ಅಂತ ನಿಂತಿತು. ನನ್ನ ಕಣ್ಣಲ್ಲಿ ನೀರು ಬಂತು, ನಿಜವಾಗಿ. ಪಕ್ಕದವರಿಗೆ ಅರ್ಥವಾಗಲಿಲ್ಲ. ನನಗೆ ಆ ಗೀರು ಬಿದ್ದ ಸೀರೆ ಕಾಣುತ್ತಿತ್ತು.

1924ರ ಹೊತ್ತಿಗೆ ಅವರ ಜಿ ಮಾದರಿಯ ಮಗ್ಗ ಸಿದ್ಧವಾಯಿತು. ಲಾಳಿಯಲ್ಲಿ ಹೊಕ್ಕಿನ ನೂಲು, ಅಂದರೆ ಅಡ್ಡಕ್ಕೆ ಹಾಯುವ ನೂಲು, ಮುಗಿದರೆ ಓಡುತ್ತಿರುವಾಗಲೇ ಹೊಸ ಲಾಳಿ ಬಂದು ಕೂರುತ್ತದೆ. ಎಳೆ ಹರಿದರೆ ತಾನೇ ನಿಲ್ಲುತ್ತದೆ. ಇದರಿಂದ ಏನಾಯಿತು ಅಂದರೆ, ಮಗ್ಗವನ್ನು ಕಾಯಲು ಪಕ್ಕದಲ್ಲೇ ಆಳು ನಿಲ್ಲಬೇಕಾಗಿಲ್ಲ, ಒಬ್ಬರೇ 30 ಮಗ್ಗ ನೋಡಿಕೊಳ್ಳಬಹುದು, ನಿಂತದ್ದರ ಹತ್ತಿರ ಮಾತ್ರ ಹೋದರೆ ಸಾಕು. 1929ರಲ್ಲಿ ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಊರಿನ ಪ್ಲಾಟ್ ಬ್ರದರ್ಸ್ ಕಂಪನಿ 1 ಲಕ್ಷ ಪೌಂಡಿಗೆ ಒಪ್ಪಂದ ಮಾಡಿಕೊಂಡು ಈ ಮಗ್ಗದ ಹಕ್ಕನ್ನು ತೆಗೆದುಕೊಂಡಿತು. ಪ್ಲಾಟ್ ಬ್ರದರ್ಸ್ ಅಂದರೆ ಸುಮ್ನೆ ಅಲ್ಲ. ನಮ್ಮ ನೇಕಾರರ ಅನ್ನ ಕಿತ್ತುಕೊಂಡ ಲ್ಯಾಂಕಶೈರ್ ಗಿರಣಿಗಳಿಗೆ ಯಂತ್ರ ಮಾಡಿಕೊಟ್ಟವರು ಅವರು. ಅವರೇ ಬಡಗಿಯ ಮಗನ ಹತ್ತಿರ ಬಂದರು.

ಕಾರು ಯಾವಾಗ ಬರುತ್ತೆ ಅಂತ ಕಾಯುತ್ತಿದ್ದೀರಿ, ಗೊತ್ತು. ಬಂದೇಬಿಟ್ಟಿತು. ಸಕಿಚಿಯವರ ಮಗ ಕಿಚಿರೊ, ಓದಿದ ಎಂಜಿನಿಯರ್. 1933ರಲ್ಲಿ ಮಗ್ಗದ ಕಾರ್ಖಾನೆಯ ಒಳಗೇ ಮೋಟಾರು ವಿಭಾಗ ತೆರೆದರು. 1935ರಲ್ಲಿ ಮೊದಲ ಲಾರಿ ಮಾರಾಟಕ್ಕೆ ಬಂತು, 1936ರಲ್ಲಿ ಮೊದಲ ಕಾರು. ಅದೇ ವರ್ಷ ಹೊಸ ಲಾಂಛನಕ್ಕೆ ಸ್ಪರ್ಧೆ ಇಟ್ಟಾಗ ಸುಮಾರು 27,000 ವಿನ್ಯಾಸಗಳು ಬಂದವು, ಗೆದ್ದ ಲಾಂಛನದಿಂದ ಕಾರಿನ ಹೆಸರು 'ಟೊಯೋಟಾ' ಆಯಿತು. ಜಪಾನಿ ಅಕ್ಷರದಲ್ಲಿ ಬರೆದರೆ ಅದು ಎಂಟು ಗೀಟು, ಎಂಟು ಅವರಿಗೆ ಶುಭ. ಟೊಯೋಡಾ ಅಂದರೆ ಒಳ್ಳೆ ಫಸಲಿನ ಗದ್ದೆ ಅಂತ ಅರ್ಥ. 1937ರ ಆಗಸ್ಟಿನಲ್ಲಿ ಕಾರಿನ ಕಂಪನಿ ಬೇರೆಯಾಯಿತು. ಯುದ್ಧ ಮುಗಿದ ಮೇಲೆ ದಿವಾಳಿಯಾಗುವ ಹಂತಕ್ಕೆ ಬಂತು, ಕೆಲಸಗಾರರನ್ನು ತೆಗೆಯಬೇಕಾಯಿತು, ಮುಷ್ಕರವಾಯಿತು, 1950ರಲ್ಲಿ ಕಿಚಿರೊ ಅವರೇ ಅಧ್ಯಕ್ಷ ಸ್ಥಾನ ಬಿಟ್ಟರು. ಎರಡು ವರ್ಷಕ್ಕೆ ತೀರಿಕೊಂಡರು. ಕಂಪನಿ ಎದ್ದು ನಿಂತದ್ದನ್ನು ನೋಡಲು ಇರಲಿಲ್ಲ.

ಈಗ ಇನ್ನೊಬ್ಬರು ಬರುತ್ತಾರೆ, ತಾಯಿಚಿ ಓನೊ. ಇವರು ಮೊದಲು ಟೊಯೋಡಾ ನೂಲಿನ ಗಿರಣಿಯಲ್ಲಿದ್ದವರು, ಆಮೇಲೆ ಕಾರಿನ ಕಡೆಗೆ ಬಂದವರು. ಮಗ್ಗ ತಾನೇ ನಿಲ್ಲುವುದನ್ನು ಅವರು ಕಣ್ಣಾರೆ ನೋಡಿದ್ದರು. ಕಾರಿನ ಲೈನೂ ಹಾಗೇ ನಿಲ್ಲಬೇಕು ಅಂದರು. ಕಾರು ಸಾಲಾಗಿ ಸಾಗುವ ಜಾಗದಲ್ಲಿ ಕೆಲಸಗಾರನ ಕೈಗೆ ಸಿಗುವ ಹಾಗೆ ಒಂದು ಹಗ್ಗ. ಬೋಲ್ಟು ಸರಿಯಾಗಿ ಕೂರಲಿಲ್ಲವೇ? ಹಗ್ಗ ಎಳೆ. ದೀಪ ಹತ್ತುತ್ತದೆ, ಮೇಸ್ತ್ರಿ ಓಡಿ ಬರುತ್ತಾರೆ, ಅಲ್ಲೇ ಸರಿಹೋದರೆ ಸರಿ, ಇಲ್ಲದಿದ್ದರೆ ಲೈನೇ ನಿಲ್ಲುತ್ತದೆ. ನಿನ್ನೆ ಕೆಲಸಕ್ಕೆ ಸೇರಿದವನಿಗೂ ಆ ಹಕ್ಕಿದೆ. ಯಾಕೆ ನಿಲ್ಲಿಸಿದೆ ಅಂತ ಯಾರೂ ಗದರುವ ಹಾಗಿಲ್ಲ. ಈ ಪದ್ಧತಿಗೆ ಅವರು ಜಿಡೋಕಾ ಅನ್ನುತ್ತಾರೆ. ತಾನಾಗಿ ಓಡುವುದು ಅನ್ನುವ ಪದಕ್ಕೆ 'ಮನುಷ್ಯ' ಅನ್ನುವ ಗುರುತನ್ನು ಸೇರಿಸಿ ಬರೆಯುತ್ತಾರೆ. ಎಷ್ಟು ಚೆಂದ!

ನಿಲ್ಲಿಸಿ ಏನು ಮಾಡಬೇಕು ಅಂತಲೂ ಓನೊ ಹೇಳಿಕೊಟ್ಟರು. ಐದು ಸಲ 'ಯಾಕೆ' ಅಂತ ಕೇಳು. ಅವರದೇ ಉದಾಹರಣೆ. ಯಂತ್ರ ಯಾಕೆ ನಿಂತಿತು? ಫ್ಯೂಸ್ ಹೋಯಿತು. ಯಾಕೆ? ಬೇರಿಂಗಿಗೆ ಆಯಿಲ್ ಸಾಲದೆ ಲೋಡ್ ಜಾಸ್ತಿ ಆಯಿತು. ಆಯಿಲ್ ಯಾಕೆ ಸಾಲಲಿಲ್ಲ? ಪಂಪು ಎಳೆಯುತ್ತಿಲ್ಲ. ಯಾಕೆ? ಪಂಪಿನ ಶಾಫ್ಟು ಸವೆದಿದೆ. ಯಾಕೆ ಸವೆಯಿತು? ಜರಡಿ ಇಲ್ಲ, ಲೋಹದ ಚೂರು ಒಳಗೆ ಹೋಗಿದೆ. ಬರೀ ಫ್ಯೂಸ್ ಹಾಕಿ ಕಳಿಸಿದ್ದರೆ? ನಾಳೆ ಮತ್ತೆ ಅದೇ ಯಂತ್ರ ನಿಲ್ಲುತ್ತಿತ್ತು. ಗ್ಯಾರೇಜಿನ ಹುಡುಗರೇ, ಕೇಳಿಸಿಕೊಂಡಿರಾ? ಫ್ಯೂಸ್ ಬದಲಾಯಿಸಿ ದುಡ್ಡು ತೆಗೆದುಕೊಂಡು ಕಳಿಸುವ ಕೆಲಸವನ್ನು ನಾನು ಬಹಳ ನೋಡಿದ್ದೇನೆ, ನನಗೆ ಅದು ಸಹಿಸುವುದಿಲ್ಲ. ಒಂದು ವರ್ಕ್‌ಶಾಪಿಗೆ ಪಾಠ ಹೇಳಲು ಹೋಗಿದ್ದೆ. ಗೋಡೆ ತುಂಬ ಕೈಜೆನ್, ಕಾನ್ಬಾನ್ ಅಂತ ಟೊಯೋಟಾ ಪದ್ಧತಿಯ ಜಪಾನಿ ಹೆಸರುಗಳ ಬಣ್ಣಬಣ್ಣದ ಬೋರ್ಡು. ಆದರೆ ಬ್ರೇಕಿನ ಕೆಲಸದಲ್ಲಿ ಏನೋ ಸರಿಯಿಲ್ಲ ಅಂದ ಹುಡುಗನಿಗೆ "ಡೆಲಿವರಿ ಐದು ಗಂಟೆಗೆ, ಸುಮ್ನಿರು" ಅಂದರು. ಆ ಬೋರ್ಡುಗಳಿಂದ ಏನು ಪ್ರಯೋಜನ, ಹೇಳಿ? ಆ ಹುಡುಗನ ಕೈಗೆ ಹಗ್ಗವೇ ಇರಲಿಲ್ಲ.

ಅಯ್ಯೋ, ಸಮಯ ಓಡಿಬಿಟ್ಟಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

1957ರಲ್ಲಿ ಟೊಯೋಟಾ ಅಮೆರಿಕಕ್ಕೆ ಕ್ರೌನ್ ಕಾರು ಕಳಿಸಿತು. ಅಲ್ಲಿನ ಹೆದ್ದಾರಿಯ ವೇಗಕ್ಕೆ ಅದು ಬಿಸಿಯಾಗುತ್ತಿತ್ತು, ಅಲುಗಾಡುತ್ತಿತ್ತು. 1960ರಲ್ಲಿ ಕಳಿಸುವುದನ್ನೇ ನಿಲ್ಲಿಸಿದರು. ಮನೆಗೆ ಬಂದು ಸರಿಮಾಡಿಕೊಂಡು 1965ರಲ್ಲಿ ಕೊರೊನಾ ಕಾರಿನೊಂದಿಗೆ ಮತ್ತೆ ಹೋದರು, ಈ ಸಲ ಜನ ಕೊಂಡರು. 1966ರಲ್ಲಿ ಬಂದ ಕೊರೊಲ್ಲಾ ಇವತ್ತಿಗೆ 5 ಕೋಟಿಗೂ ಮೀರಿ ಮಾರಾಟವಾಗಿದೆ. 1989ರಲ್ಲಿ ಲೆಕ್ಸಸ್ ಅನ್ನುವ ದುಬಾರಿ ಕಾರು ತಂದರು. ಕೆಲವೇ ತಿಂಗಳಲ್ಲಿ ಸಣ್ಣ ದೋಷ ಕಂಡಿತು. ಸುಮಾರು 8,000 ಕಾರುಗಳನ್ನು ವಾಪಸ್ ಕರೆದರು, ಮೆಕ್ಯಾನಿಕ್‌ಗಳನ್ನು ಗಿರಾಕಿಗಳ ಮನೆಗೇ ಕಳಿಸಿದರು. ದೋಷ ಹೊರಬಿದ್ದದ್ದರಿಂದಲೇ ಹೆಸರು ದೊಡ್ಡದಾಯಿತು. 1997ರಲ್ಲಿ ಪ್ರಿಯಸ್ ಬಂತು, ಪೆಟ್ರೋಲಿಗೂ ಬ್ಯಾಟರಿಗೂ ಓಡುವ ಕಾರು. ಅದಕ್ಕೇ ಒಂದು ದಿನ ಬೇಕು, ಇವತ್ತು ಬಿಡೋಣ.

ಆದರೆ ಒಂದನ್ನು ಬಿಡುವ ಹಾಗಿಲ್ಲ. 2008ರಲ್ಲಿ ಟೊಯೋಟಾ ಪ್ರಪಂಚದಲ್ಲೇ ಅತಿ ಹೆಚ್ಚು ಗಾಡಿ ಮಾರುವ ಕಂಪನಿಯಾಯಿತು. ಅದರ ಬೆನ್ನಿಗೇ ಅಮೆರಿಕದಲ್ಲಿ ಗೋಳು ಶುರುವಾಯಿತು. ಕಾಲಡಿಯ ಮ್ಯಾಟಿಗೆ ಆಕ್ಸಿಲರೇಟರ್ ಪೆಡಲು ಸಿಕ್ಕಿಕೊಳ್ಳುವುದು, ಪೆಡಲು ಒತ್ತಿದ ಮೇಲೆ ಸರಿಯಾಗಿ ಮೇಲೆ ಬರದಿರುವುದು. ಜನ ಸತ್ತರು. ಲಕ್ಷಗಟ್ಟಲೆ ಕಾರು ವಾಪಸ್ ಕರೆಯಬೇಕಾಯಿತು. 2010ರ ಫೆಬ್ರವರಿಯಲ್ಲಿ ಕಿಚಿರೊ ಅವರ ಮೊಮ್ಮಗ ಅಕಿಯೊ ಟೊಯೋಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತು ಕ್ಷಮೆ ಕೇಳಿದರು. ನಾವು ಬೆಳೆದ ವೇಗ ಅತಿಯಾಯಿತೇನೋ ಅಂದರು. ಗಿರಾಕಿಗಳಿಗೆ ನಿಜ ಹೇಳದೆ ದಾರಿ ತಪ್ಪಿಸಿದ ಆರೋಪಕ್ಕೆ 2014ರಲ್ಲಿ ಕಂಪನಿ 120 ಕೋಟಿ ಡಾಲರ್ ಕಟ್ಟಿತು. ನನಗೆ ಅದನ್ನು ಓದಿ ತುಂಬ ನೋವಾಯಿತು. ಎಳೆ ಹರಿದಿತ್ತು, ಮಗ್ಗ ನಿಲ್ಲಲಿಲ್ಲ. ಯಾರ ಮನೆಯಲ್ಲಿ ಈ ಪಾಠ ಹುಟ್ಟಿತೋ ಅವರ ಮನೆಯಲ್ಲೇ!

ನಮ್ಮೂರಿಗೆ ಬಂದದ್ದನ್ನು ಹೇಳಿ ಮುಗಿಸುತ್ತೇನೆ. ಮೈಸೂರು ರಸ್ತೆಯಲ್ಲಿ ತಟ್ಟೆ ಇಡ್ಲಿ ತಿನ್ನಲು ನಿಲ್ಲುತ್ತೀರಲ್ಲ, ಅದೇ ಬಿಡದಿಯಲ್ಲಿ ಅವರ ಕಾರ್ಖಾನೆ. 1997ರಲ್ಲಿ ಕಿರ್ಲೋಸ್ಕರ್ ಸಮೂಹದ ಜೊತೆ ಸೇರಿ ಕಂಪನಿ ಕಟ್ಟಿದರು, 2000ದ ಆರಂಭದಲ್ಲಿ ಕ್ವಾಲಿಸ್ ರಸ್ತೆಗೆ ಬಂತು, 2005ರಲ್ಲಿ ಇನ್ನೋವಾ. ಕ್ವಾಲಿಸ್ ನಿಲ್ಲಿಸಿದಾಗ ಟ್ಯಾಕ್ಸಿಯವರು ಎಷ್ಟು ಬೇಜಾರು ಮಾಡಿಕೊಂಡರು ಅಂತ ನಿಮಗೇ ನೆನಪಿರಬಹುದು. ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿಯ ಬಡ ಮಕ್ಕಳಿಗೆ ಅಲ್ಲೇ 2007ರಿಂದ ಒಂದು ತರಬೇತಿ ಶಾಲೆಯೂ ಇದೆ. ಅಪ್ಪ ಅಮ್ಮಂದಿರು ವಿಚಾರಿಸಿ.

ಆದರೆ ಬಿಡದಿಗಿಂತ ಮೊದಲೇ ಆ ಮನೆಯವರು ಬೆಂಗಳೂರಿನ ಪಕ್ಕಕ್ಕೆ ಬಂದಿದ್ದರು, ಇದು ಬಹಳ ಜನಕ್ಕೆ ಗೊತ್ತಿಲ್ಲ. 1995ರಲ್ಲಿ, ಜಿಗಣಿಗೆ, ಕಿರ್ಲೋಸ್ಕರ್ ಅವರ ಜೊತೆಯಲ್ಲೇ. ಬಂದವರು ಸಕಿಚಿಯವರ ಹಳೇ ಮಗ್ಗದ ಕಂಪನಿಯವರು. ಅಲ್ಲಿ ಅವರು ಮಾಡಲು ಹೊರಟದ್ದು ಕಾರಲ್ಲ, ನೂಲುವ ಯಂತ್ರ.

ನಮಸ್ಕಾರ.