ಮೊದಲು ತೂಬು ಮುಚ್ಚಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಬೇಸಾಯ ಮಾಡುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ: ಗದ್ದೆಗೆ ಅಳತೆ ಮೀರಿ ನೀರು ನುಗ್ಗಿದರೆ ಅದನ್ನು ಎತ್ತಿ ಚೆಲ್ಲುವ ಮೊದಲು ಹೋಗಿ ತೂಬು ಮುಚ್ಚಬೇಕು. ಸರ್ವರ್‌ನಿಂದ ಇದ್ದಕ್ಕಿದ್ದಂತೆ ಸ್ಪ್ಯಾಮ್ ಪತ್ರಗಳು, ಅಂದರೆ ಯಾರೂ ಕೇಳದ ಇಮೇಲ್‌ಗಳು ರಾಶಿಗಟ್ಟಲೆ, ಹೊರಡತೊಡಗಿದಾಗಲೂ ಕ್ರಮ ಇದೇ. ಇದನ್ನು ನಾನು ತಪ್ಪು ಮಾಡಿ ಕಲಿತೆ.

ಕೆಲವು ವರ್ಷಗಳ ಹಿಂದೆ ಮಂಡ್ಯದ ಒಂದು ಸಂಸ್ಥೆಯ ಸರ್ವರ್ ನೋಡಿಕೊಳ್ಳುವ ಹೊಣೆ ನನ್ನದಾಗಿತ್ತು. ಒಂದು ಬೆಳಿಗ್ಗೆ ಕಚೇರಿಯವರು ಫೋನು ಮಾಡಿ, ತಾವು ಕಳಿಸಿದ ಇಮೇಲ್ ಯಾರಿಗೂ ತಲುಪುತ್ತಿಲ್ಲವೆಂದೂ, ತಾವು ಬರೆಯದ ಪತ್ರಗಳು ಮಾತ್ರ ವಿಳಾಸ ಸಿಗದೆ ವಾಪಸು ಬಂದು ಬೀಳುತ್ತಿವೆಯೆಂದೂ ತಿಳಿಸಿದರು. ತೆರೆದು ನೋಡಿದರೆ ಹೊರಡಲು ಕಾದಿದ್ದ ಪತ್ರಗಳ ಸಾಲು ಹತ್ತಾರು ಸಾವಿರಕ್ಕೆ ಬೆಳೆದಿತ್ತು. ಗಾಬರಿಯಲ್ಲಿ ನಾನು ಇಡೀ ಸಾಲನ್ನು ಅಳಿಸಿಬಿಟ್ಟೆ. ಅರ್ಧ ಗಂಟೆಯೊಳಗೆ ಅದು ಮತ್ತೆ ತುಂಬಿತು. ಅಳಿಸಿದವುಗಳ ಜೊತೆ ಸಂಸ್ಥೆಯ ನಿಜವಾದ ಪತ್ರಗಳೂ ಹೋಗಿದ್ದವು.

ಎರಡನೆಯ ಸಲ ಅಳಿಸಲಿಲ್ಲ. ಪೋಸ್ಟ್‌ಫಿಕ್ಸ್‌ನಂತಹ ಅಂಚೆ ತಂತ್ರಾಂಶದಲ್ಲಿ ಪತ್ರಗಳನ್ನು ಇದ್ದಲ್ಲಿಯೇ ತಡೆಹಿಡಿಯುವ ಅನುಕೂಲವಿದೆ. ಹಾಗೆ ತಡೆಹಿಡಿದು, ಹೊರಹೋಗುವ ದಾರಿಯನ್ನು ನಿಲ್ಲಿಸಿ, ಸರ್ವರ್‌ನಲ್ಲಿ ನಡೆದದ್ದನ್ನು ಬರೆದಿಡುವ ಲಾಗ್ ಫೈಲ್‌ಗಳ ಪ್ರತಿಯನ್ನು ಬೇರೆ ಯಂತ್ರಕ್ಕೆ ಸಾಗಿಸಿ, ಆಮೇಲೆ ಒಂದೇ ಒಂದು ಸ್ಪ್ಯಾಮ್ ಪತ್ರವನ್ನು ತೆಗೆದು ಅದರ ತಲೆಬರಹದ ಸಾಲುಗಳನ್ನು ನಿಧಾನವಾಗಿ ಓದಿದೆ. ಪತ್ರ ಸಂಸ್ಥೆಯ ಜಾಲತಾಣ ನಡೆಸುವ ಯಾವ ಪಿಎಚ್‌ಪಿ ಕಡತದಿಂದ ಹೊರಟಿತೆಂಬುದನ್ನು ತಲೆಬರಹದಲ್ಲಿ ಬರೆದಿಡುವ ಏರ್ಪಾಡು ಅಲ್ಲಿತ್ತು. ಆ ಕಡತ ಇದ್ದದ್ದು ಚಿತ್ರಗಳನ್ನು ಮಾತ್ರ ಇಡಬೇಕಾದ ಫೋಲ್ಡರ್‌ನಲ್ಲಿ. ಜಾಲತಾಣಕ್ಕೆ ಜೋಡಿಸಿದ್ದ ಹಳೆಯದಾದ ಒಂದು ಪ್ಲಗಿನ್ ಅನ್ನು, ಅಂದರೆ ಹೆಚ್ಚುವರಿ ತಂತ್ರಾಂಶವನ್ನು, ಕಾಲಕಾಲಕ್ಕೆ ನವೀಕರಿಸದೆ ಬಿಟ್ಟದ್ದರಿಂದ ಯಾರೋ ಅದನ್ನು ಅಲ್ಲಿಗೆ ತಂದಿರಿಸಿದ್ದರು.

ಕಡತವನ್ನು ತೆಗೆದುಹಾಕಿದೆ. ಕೆಲವೇ ನಿಮಿಷಗಳಲ್ಲಿ ಅದು ಅದೇ ಹೆಸರಿನಲ್ಲಿ ಮರಳಿ ಬಂದಿತು! ನಿಗದಿತ ಹೊತ್ತಿಗೆ ತಾನಾಗಿ ನಡೆಯುವ ಕೆಲಸಗಳ ಪಟ್ಟಿಯಲ್ಲಿ, ಅಂದರೆ ಕ್ರಾನ್‌ನಲ್ಲಿ, ದಾಳಿಕೋರರು ಆ ಕಡತವನ್ನು ಮರಳಿ ತಂದಿರಿಸುವ ಒಂದು ಸಾಲನ್ನು ಸೇರಿಸಿದ್ದರು. ಅದನ್ನು ತೆಗೆದು, ಎಲ್ಲ ಪಾಸ್‌ವರ್ಡ್ ಬದಲಿಸಿ, ಆ ಫೋಲ್ಡರ್‌ನಲ್ಲಿ ಪಿಎಚ್‌ಪಿ ನಡೆಯದಂತೆ ಮಾಡಿದ ಮೇಲೆಯೇ ತೂಬು ಮುಚ್ಚಿತು. ಎಲ್ಲ ಕಡೆಯೂ ಕಾರಣ ಇದೇ ಆಗಿರುವುದಿಲ್ಲ; ಸಿಬ್ಬಂದಿಯೊಬ್ಬರ ಪಾಸ್‌ವರ್ಡ್ ಕಳವಾಗಿದ್ದರೆ ಲಾಗ್‌ನಲ್ಲಿ ಒಂದೇ ಬಳಕೆದಾರರ ಹೆಸರು ಪದೇ ಪದೇ ಕಾಣುತ್ತದೆ.

ಎಸ್‌ಪಿಎಫ್ ದಾಖಲೆ ಇದ್ದರೆ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ನಮ್ಮ ಹೆಸರಿನಲ್ಲಿ ಪತ್ರ ಕಳಿಸಲು ಯಾವ ಸರ್ವರ್‌ಗೆ ಅಧಿಕಾರವಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಸ್ಪ್ಯಾಮ್ ನಮ್ಮದೇ ಸರ್ವರ್‌ನಿಂದ ಹೊರಟಾಗ ಆ ಪರೀಕ್ಷೆಯಲ್ಲಿ ಅದೂ ತೇರ್ಗಡೆಯಾಗುತ್ತದೆ. ನನ್ನ ದೃಷ್ಟಿಯಲ್ಲಿ, ಒಂದು ಗಂಟೆಗೆ ಇಷ್ಟೇ ಪತ್ರ ಎಂದು ಹಾಕುವ ಮಿತಿ ಇಂಥ ಹೊತ್ತಿನಲ್ಲಿ ಹೆಚ್ಚು ಕಾಪಾಡುತ್ತದೆ.

ಸ್ಪ್ಯಾಮ್‌ಹೌಸ್‌ನಂತಹ ತಡೆಪಟ್ಟಿಗಳಲ್ಲಿ, ಅಂದರೆ ಸ್ಪ್ಯಾಮ್ ಕಳಿಸುವವರ ಪಟ್ಟಿಗಳಲ್ಲಿ, ನಮ್ಮ ಸರ್ವರ್‌ನ ಐಪಿ ವಿಳಾಸ ಸೇರಿದ್ದರೆ ಅದನ್ನು ಬಿಡಿಸಿಕೊಳ್ಳಲು ಅವಸರಪಡಬಾರದು; ಮೂಲ ಸರಿಯಾಗದೆ ಬಿಡಿಸಿಕೊಂಡರೆ ಅದು ಮತ್ತೆ ಸೇರುತ್ತದೆ. ನಮ್ಮ ದೇಶದಲ್ಲಿ 2022ರ ಏಪ್ರಿಲ್‌ನಲ್ಲಿ ಹೊರಟ ನಿರ್ದೇಶನದ ಪ್ರಕಾರ, ಅದರಲ್ಲಿ ಪಟ್ಟಿ ಮಾಡಿರುವ ಸೈಬರ್ ಘಟನೆಗಳನ್ನು ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿ ಮಾಡಬೇಕಾಗುತ್ತದೆ. ಪ್ರತಿ ತೆಗೆದಿಟ್ಟ ಲಾಗ್‌ಗಳು ಅಲ್ಲಿಯೂ ನೆರವಿಗೆ ಬರುತ್ತವೆ.

ಕೊನೆಗೆ ಉಳಿಯುವುದು ತಡೆಹಿಡಿದ ಸಾಲು. ತಲುಪದ ಪತ್ರವನ್ನು ಪೋಸ್ಟ್‌ಫಿಕ್ಸ್ ಸಾಮಾನ್ಯವಾಗಿ 5 ದಿನಗಳವರೆಗೆ ಮತ್ತೆ ಮತ್ತೆ ಕಳಿಸಲು ಯತ್ನಿಸುವುದರಿಂದ, ಸಾಲನ್ನು ಹಾಗೆಯೇ ಬಿಟ್ಟುಕೊಟ್ಟರೆ ಹಳೆಯ ಸ್ಪ್ಯಾಮ್ ಹೊರಡುತ್ತಲೇ ಇರುತ್ತದೆ. ಆದ್ದರಿಂದ ಆ ದಿನ ಸಂಜೆಯವರೆಗೂ ಕುಳಿತು, ಕಳಿಸಿದವರ ವಿಳಾಸ ನೋಡಿ ಸ್ಪ್ಯಾಮನ್ನು ಬೇರ್ಪಡಿಸಿ ಅಳಿಸಿ, ಕಚೇರಿಯವರು ಬರೆದಿದ್ದ ಪತ್ರಗಳನ್ನು ಒಂದೊಂದಾಗಿ ಬಿಡುಗಡೆ ಮಾಡಿದೆ. ನಾನು ಮೊದಲೇ ಅಳಿಸಿದ್ದ ಪತ್ರಗಳನ್ನು ಅವರು ಮರುದಿನ ಮತ್ತೆ ಬರೆಯಬೇಕಾಯಿತು.

ನಮಸ್ಕಾರ.